ಐದು ದೇಶದ ಆಟ, ಅಕ್ಕಿ ಡಬ್ಬದ ಫೋನು

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ನನ್ನ ಮೊಮ್ಮಗಳು ಇಂಚರ ರಾಜ್ಯದ ಹುಡುಗಿಯರ ಬೇಸ್‌ಬಾಲ್ ಟೀಮಿಗೆ ಆಯ್ಕೆಯಾದಳು! ಅದೂ ಎಲ್ಲೋ ದೂರದಲ್ಲಿ ನಿಂತು ಆಕಳಿಸುವ ಜಾಗಕ್ಕಲ್ಲ, ಕ್ಯಾಚರ್ ಆಗಿ. ಬ್ಯಾಟು ಹಿಡಿದವರ ಬೆನ್ನ ಹಿಂದೆ ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಒಬ್ಬರು ಕೂತಿರುತ್ತಾರಲ್ಲ, ಅದೇ ನಮ್ಮ ಇಂಚರ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ತರಕಾರಿ ಭಯ್ಯಾಗೆ ಹೇಳಿದೆ, ಪಾಪ, ಅವನು ಖುಷಿಗೆ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದ. ಎಂಟನೇ ಮಹಡಿಯ ಪಂಜಾಬಿ ಅಜ್ಜಿಗೆ ಕಿವಿ ಮಂದ ಅಂತ ಎರಡು ಸಲ ಹೇಳಿದೆ. ನೋಯ್ಡಾದಲ್ಲಿ ಇನ್ನು ಹೇಳಲು ಯಾರೂ ಉಳಿಯಲಿಲ್ಲ, ಅದಕ್ಕೇ ನಿಮ್ಮ ಹತ್ತಿರ ಬಂದೆ.

ಇವತ್ತು ಬೆಳಿಗ್ಗೆ ಅನ್ನಕ್ಕೆ ಅಕ್ಕಿ ತೆಗೆಯಲು ಡಬ್ಬದೊಳಗೆ ಪಾವು ಇಳಿಸಿದೆ. ಏನೋ ಮೆತ್ತಗೆ ತಗುಲಿತು. ಹುಳವೋ ಏನೋ ಅಂತ ಹೆದರಿ ಎತ್ತಿದರೆ, ಇಂಚರಳ ಫೋನಿಗೆ ಹಾಕುವ ರಬ್ಬರಿನ ಕವರು. ಎರಡು ಬೆಕ್ಕಿನ ಕಿವಿ ಇರೋದು. ಶನಿವಾರದಿಂದ ಅಕ್ಕಿಯೊಳಗೆ ಹಾಯಾಗಿ ಮಲಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಒಬ್ಬಳೇ ನಗುತ್ತಾ ನಿಂತಿದ್ದೆ. ಒಲೆಯ ಮೇಲೆ ಹಾಲು ಉಕ್ಕಿತು. ಉಕ್ಕಲಿ ಬಿಡಿ, ಶುಭವೇ.

ಫೋನು ಅಕ್ಕಿಗೆ ಹೋದದ್ದು ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ತಿಪಟೂರಿನವಳು. ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲೂ ಅರ್ಧ ದಿನ ತಮ್ಮನನ್ನು ಸೊಂಟದಲ್ಲಿ ಎತ್ತಿಕೊಂಡೇ ಓದಿದ್ದು. ಮಗಳು ಮಂಗಳಾ ಗ್ರೇಟರ್ ನೋಯ್ಡಾದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಅಳಿಯಂದಿರು ಕಂಪ್ಯೂಟರ್ ಕೆಲಸದವರು. ಮಗು ನೋಡಿಕೊಳ್ಳಲು ಅಂತ ಬಂದವಳು ಇಲ್ಲೇ ಉಳಿದುಬಿಟ್ಟೆ. ಬಂದ ಹೊಸದರಲ್ಲಿ ನನ್ನ ಪಾಡು ಕೇಳಬೇಡಿ. ಟೀವಿ ಹಾಕಿದರೆ ಹಿಂದಿ, ಕಿಟಕಿ ತೆಗೆದರೆ ಹಿಂದಿ, ಮೊಮ್ಮಗಳು ಬಾಯಿ ಬಿಟ್ಟರೂ ಹಿಂದಿ. ನಾನು ಕನ್ನಡದಲ್ಲಿ ಬೈದರೆ ಅವಳು ಹಿಂದಿಯಲ್ಲಿ ಅಳುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಅವಳಿಗೆ ಚಿಕನ್‌ಪಾಕ್ಸ್ ಆಯಿತು, ನಮ್ಮ ಕಡೆ ‘ಅಮ್ಮ’ ಅಂತೀವಲ್ಲ, ಅದು. ನವೆಗೆ ನಿದ್ದೆಯಿಲ್ಲ. ನನಗೆ ಮೊದಲಿಂದಲೂ ಕೋಳಿ ಕೂಗೋ ಹೊತ್ತಿಗೆ ಎದ್ದು ಅಭ್ಯಾಸ. ಬೆಳಗಿನ ಜಾವ ಇಬ್ಬರೂ ಬೇವಿನ ಸೊಪ್ಪು ಹಿಡಿದುಕೊಂಡು ಟೀವಿ ಮುಂದೆ ಕೂತಾಗ ಯಾವುದೋ ಚಾನೆಲ್ಲಿನಲ್ಲಿ ಈ ಆಟ ಬರುತ್ತಿತ್ತು. ಅಮೆರಿಕದ ದಾಂಡಿಗರು ಏನೋ ಅಗಿಯುತ್ತಾ, ಪುಳಕ್ ಪುಳಕ್ ಅಂತ ಸಿಪ್ಪೆ ಉಗಿಯುತ್ತಾ ನಿಂತಿದ್ದರು. “ಎಲೆಅಡಿಕೆ ಹಾಕ್ಕೊಂಡು ಆಡೋಕೆ ಬಂದಿದ್ದಾರಲ್ಲೇ!” ಅಂದೆ. ಅವಳು ನಕ್ಕಳು. ಜ್ವರ ಬಂದಮೇಲೆ ಅವಳು ನಕ್ಕದ್ದು ಅದೇ ಮೊದಲು. ಮಾರನೇ ದಿನವೂ ಅದೇ ಹಾಕಿದೆ.

ಆಟ ಅವಳಿಗೆ ಎರಡು ದಿನದಲ್ಲಿ ಅರ್ಥವಾಯಿತು, ನನಗೆ ಎರಡು ವರ್ಷ ಹಿಡಿಯಿತು. ನಿಮಗೆ ಗೊತ್ತಿಲ್ಲದಿದ್ದರೆ ಸುಲಭವಾಗಿ ಹೇಳುತ್ತೇನೆ. ಚೆಂಡು ಹೊಡೆದವನು ಮನೆ ಬಿಟ್ಟು ಓಡಬೇಕು, ದಾರಿಯಲ್ಲಿ ಮೂರು ಕಟ್ಟೆ ಮುಟ್ಟಬೇಕು, ತಿರುಗಿ ಮನೆಗೆ ಬರಬೇಕು. ಬಂದರೆ ಒಂದು ಅಂಕ. ಹೊರಟ ಜಾಗಕ್ಕೆ ಅವರೂ ಮನೆ ಅಂತಲೇ ಹೆಸರಿಟ್ಟಿದ್ದಾರೆ. ಎಷ್ಟು ದೂರ ಹೋದೆ ಅಂತ ಯಾರೂ ಕೇಳೋದಿಲ್ಲ, ಮನೆಗೆ ಬಂದೆಯಾ ಅಂತಷ್ಟೇ ಕೇಳೋದು. ಇದು ನನಗೆ ಬಹಳ ಹಿಡಿಸಿತು. ಹಿಡಿಸದೇ ಇದ್ದದ್ದು ಒಂದೇ: ಅವರು ಸುತ್ತೋದು ಉಲ್ಟಾ! “ಅಪ್ರದಕ್ಷಿಣೆ ಕಣೇ ಅದು, ಒಳ್ಳೇದಾಗುತ್ತಾ?” ಅಂತ ನಾನು. “ಅಜ್ಜಿ, ರೂಲ್ ಹೈ. ಭಗವಾನ್ ಬುರಾ ನಹೀ ಮಾನ್ತೇ” ಅಂತ ಅವಳು. ದೇವರು ಬೇಜಾರು ಮಾಡಿಕೊಳ್ಳಲ್ವಂತೆ.

ಜಪಾನು, ಕೊರಿಯಾ, ತೈವಾನಿನಲ್ಲೂ ಸಂಬಳ ತೆಗೆದುಕೊಂಡು ಇದನ್ನೇ ಆಡುವವರಿದ್ದಾರೆ ಅಂತ ಗೊತ್ತಾದಮೇಲೆ ಅಳಿಯಂದಿರು ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿಕೊಟ್ಟರು. ಅಂದಿನಿಂದ ನಮ್ಮ ಮನೆಯಲ್ಲಿ ಸಮಾನತೆ ಬಂತು ನೋಡಿ. ಜಪಾನಿ ಭಾಷೆಯ ಮುಂದೆ ನಾಲ್ಕನೇ ಕ್ಲಾಸಿನವಳೂ ಒಂದೇ, ಕಾಲೇಜಿನಲ್ಲಿ ಪಾಠ ಹೇಳುವವಳೂ ಒಂದೇ. ಯಾರಿಗೂ ಒಂದಕ್ಷರ ಅರ್ಥವಾಗುವುದಿಲ್ಲ. ಅಷ್ಟು ನೆಮ್ಮದಿಯಾಗಿ ನಾನು ನೋಯ್ಡಾಗೆ ಬಂದಮೇಲೆ ಟೀವಿ ನೋಡಿರಲಿಲ್ಲ.

ಆಮೇಲೆ ಇಂಚರ ತಾನೂ ಆಡುತ್ತೇನೆ ಅಂತ ಹೊರಟಳು. ಕ್ಯಾಚರೇ ಆಗಬೇಕಂತೆ. ಆದರೆ ಕುರ್ಚಿಯಲ್ಲಿ ಬೆಳೆದ ಮಗು, ಕುಕ್ಕರಗಾಲಲ್ಲಿ ಕೂತರೆ ಉರುಳಿ ಬೀಳುತ್ತಿದ್ದಳು. ಹೇಗೆ ಕೂರಬೇಕು ಅಂತ ನನಗೆ ಯಾರಾದರೂ ಹೇಳಿಕೊಡಬೇಕೇ? ಬಟ್ಟೆ ಒಗೆದದ್ದು, ಕಾಯಿ ತುರಿದದ್ದು, ಪಾತ್ರೆ ತೊಳೆದದ್ದು, ಎಲ್ಲ ಹಾಗೆ ಕೂತೇ. ಬಾಲ್ಕನಿಯಲ್ಲಿ ಎದುರುಬದುರು ಕೂತು ಇಬ್ಬರೂ ಸೊಪ್ಪು ಸೋಸುತ್ತಿದ್ದೆವು. ಮೊದಲು ಒಂದು ಕಟ್ಟು ಮೆಂತ್ಯ ಮುಗಿಯುವಷ್ಟರಲ್ಲಿ “ಮರ್ ಗಯೀ, ಸತ್ತೆ!” ಅನ್ನುತ್ತಿದ್ದಳು. ಬರಬರುತ್ತಾ ಮನೆಯಲ್ಲಿ ದಿನಾ ಸೊಪ್ಪಿನ ಸಾರೇ ಆಗಿ ಅಳಿಯಂದಿರು, “ಅತ್ತೆ, ಈ ಟೀಮಿಗೆ ಬೇರೆ ತರಕಾರಿ ನಡೆಯಲ್ವಾ?” ಅಂತ ಕೇಳುವ ಹಾಗಾಯಿತು.

ಇರಲಿ, ಶನಿವಾರಕ್ಕೆ ಬರೋಣ. ಹಿಂದಿನ ವಾರ ಆಯ್ಕೆಯ ಆಟ ಮುಗಿದಿತ್ತು. ಯಾರ ಹೆಸರು ಬಂತು ಅಂತ ಕೋಚ್ ಮೇಡಂ ಶನಿವಾರ ಫೋನಿನ ಗುಂಪಿನಲ್ಲಿ ಹಾಕುತ್ತೇನೆ ಅಂದಿದ್ದರು. ಮಂಗಳಾ ಮೊದಲೇ ಹೇಳಿಬಿಟ್ಟಿದ್ದಳು: “ಸೆಲೆಕ್ಟ್ ಆದ್ರೆ ಹೋಗು, ನಾನು ಅಡ್ಡ ಬರಲ್ಲ. ಆಗದಿದ್ರೆ ಗ್ಲೌಸು, ಬ್ಯಾಟು ಎಲ್ಲ ಅಟ್ಟಕ್ಕೆ. ಮುಂದಿನ ವರ್ಷ ಹತ್ತನೇ ಕ್ಲಾಸು, ಟ್ಯೂಷನ್ ಬಿಟ್ಟು ಬೇರೆ ಮಾತಿಲ್ಲ.” ಹೇಳಿದ್ದಷ್ಟೇ ಅಲ್ಲ, ಅಟ್ಟದಲ್ಲಿ ಜಾಗವನ್ನೂ ಮಾಡಿಟ್ಟಳು. ಮಗುವಿನ ಆಟ ಅಟ್ಟ ಹತ್ತಿದರೆ ಬೆಳಗಿನ ಜಾವ ನನ್ನ ಪಕ್ಕದಲ್ಲಿ ಯಾರು ಕೂರುತ್ತಾರೆ ಹೇಳಿ?

ಶನಿವಾರ ಇಂಚರ ಎದ್ದ ಘಳಿಗೆಯಿಂದ ಫೋನು ತಿಕ್ಕುತ್ತಾ ಕೂತಳು. “ಇಡ್ಲಿ ಪಾತ್ರೆ ಮುಚ್ಚಳ ಹಿಂಗೆ ತೆಗೆದು ತೆಗೆದು ನೋಡ್ತಿದ್ರೆ ಬೇಯುತ್ತೇನೇ? ಕೊಡಿಲ್ಲಿ” ಅಂದೆ. ಅವಳಿಗೂ ನೋಡಲು ಭಯವೇ. “ರಖ್ ಲೋ ಅಜ್ಜಿ, ನೀನೇ ಇಟ್ಕೋ. ಎಲ್ಲಿ ಇಟ್ಟೆ ಅಂತ ನಂಗೆ ಹೇಳ್ಬೇಡ.” ಅದರ ಸದ್ದು ಅಡಗಿಸಿ ಕೊಟ್ಟಳು. ನಾನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಐದು ದೇಶದ ಐದು ಆಟ ಮುಗಿಯುವ ತನಕ ತೆಗೆಯಕೂಡದು ಅಂತ ಒಪ್ಪಂದವಾಯಿತು. ಮಂಗಳಾ ಪರೀಕ್ಷೆ ಡ್ಯೂಟಿಗೆ ಹೊರಟಳು. ಗುಲಾಬಿ ಹೂವಿನ ಗುಡ್ ಮಾರ್ನಿಂಗ್‌ಗಳ ಕಾಟ ತಾಳಲಾರದೆ ಅವಳು ಆ ಗುಂಪನ್ನು ಎಂದೋ ಬಿಟ್ಟಾಗಿತ್ತು, ಅವಳಿಗೂ ಏನೂ ತಿಳಿಯುವಂತಿರಲಿಲ್ಲ.

ಮೊದಲು ಅಮೆರಿಕ. ಅಲ್ಲಿ ಇನ್ನೂ ಶುಕ್ರವಾರದ ರಾತ್ರಿಯಂತೆ. ಶನಿವಾರ ಎದ್ದು ಶುಕ್ರವಾರದ ಆಟ ನೋಡುವುದು ನನಗೆ ಇವತ್ತಿಗೂ ವಿಚಿತ್ರವೇ. ಕಾಫಿಯ ಹೊತ್ತಿಗೆ ಮೆಕ್ಸಿಕೋ. ಅಲ್ಲಿ ವಾಲಗದವರನ್ನು ಕರೆಸಿ ಮದುವೆಮನೆ ಮಾಡಿಕೊಂಡು ಆಡುತ್ತಾರೆ. ತಿಂಡಿ ಮುಗಿಯುವಷ್ಟರಲ್ಲಿ ಜಪಾನು. ಅಲ್ಲಿ ಹುಡುಗಿಯರು ಬೆನ್ನಿಗೆ ಡಬ್ಬ ಕಟ್ಟಿಕೊಂಡು, ಕೈಯಲ್ಲಿ ಕೊಳವೆ ಹಿಡಿದು ಜನರ ಮಧ್ಯೆ ಮೇಲೆ ಕೆಳಗೆ ಹತ್ತಿ ಇಳಿಯುತ್ತಾರೆ. ತೋಟಕ್ಕೆ ಔಷಧಿ ಹೊಡೆಯುವವರ ಹಾಗೆ. ಸೊಳ್ಳೆಗೆ ಅಂತ ನಾನು ವರ್ಷಗಟ್ಟಲೆ ನಂಬಿದ್ದೆ. ಬಿಯರ್ ಅಂತೆ! ಆದರೂ ಜಪಾನಿನ ಹುಡುಗರು ಮೈದಾನಕ್ಕೆ ಟೋಪಿ ತೆಗೆದು ಬಗ್ಗಿ ನಮಸ್ಕಾರ ಮಾಡುವುದು ನೋಡಿದರೆ ಆ ಬಿಯರನ್ನೂ ಕ್ಷಮಿಸಬಹುದು.

ಊಟದ ಹೊತ್ತಿಗೆ ಕೊರಿಯಾ. ಹೊರಗೆ ಬಿಸಿಗಾಳಿ ಕಿಟಕಿ ಬಡಿಯುತ್ತಿತ್ತು. ಎಂದಿನಂತೆ ಅಳಿಯಂದಿರಿಗೂ ಇಂಚರಳಿಗೂ ಬಡಿಸಿ, ನಾನು ಆಮೇಲೆ ಅಡಿಗೆಮನೆಯಲ್ಲಿ ಒಬ್ಬಳೇ ಉಂಡೆ. ಅದು ನನ್ನ ಹಳೇ ಚಾಳಿ, ಎಷ್ಟು ಹೇಳಿದರೂ ಬಿಟ್ಟಿಲ್ಲ. ಅಲ್ಲಿಂದಲೇ ಕಾಣುತ್ತಿತ್ತು, ಒಬ್ಬ ಚೆಂಡನ್ನು ಜನರ ತಲೆಯ ಮೇಲೆ ಹಾರಿಸಿ ಬ್ಯಾಟನ್ನು ಗಾಳಿಯಲ್ಲಿ ಗಿರಗಿರ ಎಸೆದ. “ಸಾಮಾನು ಎಸೀತಾನಲ್ಲ, ಇವನ ಅಮ್ಮ ಏನೂ ಹೇಳಲ್ವಾ?” ಅಂದೆ. ಇಂಚರ ನಗಲಿಲ್ಲ. ಅವಳ ಕಣ್ಣು ಅಟ್ಟದ ಕಡೆ ಇತ್ತು.

ಕೊನೆಯದು ತೈವಾನು. ನಾವು ಹಸಿರು ಅಂಗಿಯವರ ಕಡೆ. ಯಾಕೆ ಅಂದರೆ ಇಂಚರಳಿಗೆ ಅವರ ಕ್ಯಾಚರ್ ಇಷ್ಟ, ನನಗೆ ಹಸಿರು ಇಷ್ಟ. ಹಸಿರಿನವರು ಒಂದೇ ಒಂದು ಅಂಕ ಮುಂದಿದ್ದರು, ಆಟ ಕೊನೆಗೆ ಬಂದಿತ್ತು. ಇಲ್ಲಿ ನಮ್ಮ ಮನೆಯ ಒಂದು ಕಾನೂನು ಹೇಳಬೇಕು. ನಮ್ಮವರು ಗೆಲ್ಲುತ್ತಿರುವಾಗ ಯಾರು ಎಲ್ಲಿದ್ದಾರೋ ಅಲ್ಲೇ ಇರಬೇಕು, ಅಲುಗಾಡಬಾರದು. ಹಿಂದೊಮ್ಮೆ ಕ್ರಿಕೆಟ್ ನೋಡುವಾಗ ಅಳಿಯಂದಿರು ನೀರು ಕುಡಿಯಲು ಎದ್ದರು, ವಿಕೆಟ್ ಬಿತ್ತು. ಅಂದಿನಿಂದ ಈ ಕಾನೂನಿಗೆ ನಾನೇ ಜಡ್ಜು.

ಆಗ ಗೇಟಿನಿಂದ ಇಂಟರ್‌ಕಾಮ್ ಹೊಡೆದುಕೊಂಡಿತು. ಅಳಿಯಂದಿರು ಅರ್ಧ ಎದ್ದರು.

“ಕೂತ್ಕೊಳಿ!” ಅಂದೆ.

“ಅತ್ತೆ, ಕೊರಿಯರ್ ಇರಬಹುದು.”

“ಕೊರಿಯರ್ ನಾಳೆ ಬರ್ತಾನೆ. ಈ ಚೆಂಡು ನಾಳೆ ಬರಲ್ಲ.”

ಇಂಟರ್‌ಕಾಮ್ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ತೈವಾನಿನಲ್ಲಿ ಎದುರಾಳಿಗಳು ಮೂರು ಕಟ್ಟೆಯ ಮೇಲೂ ನಿಂತಿದ್ದರು. ಇನ್ನೊಬ್ಬನನ್ನು ಔಟ್ ಮಾಡಿದರೆ ಗೆದ್ದೆವು, ತಪ್ಪಿದರೆ ಕೆಟ್ಟೆವು. ಅಷ್ಟರಲ್ಲಿ ಬಾಗಿಲಿಗೆ ಕೀಲಿ ತಿರುಗಿದ ಸದ್ದು. ಮಂಗಳಾ ಬಂದಳು, ಜೊತೆಗೆ ಯಾರೋ. ನಾನು ತಿರುಗಿಯೂ ನೋಡದೆ ಕೈ ಎತ್ತಿದೆ.

“ಅಲ್ಲೇ ನಿಲ್ಲಿ ಇಬ್ಬರೂ! ಚಪ್ಪಲಿ ಆಮೇಲೆ ಬಿಡಿ!”

“ಅಮ್ಮ, ಇವರು...”

“ಯಾರಾದ್ರೂ ಸರಿ!”

ಹಿಂದಿನಿಂದ ಒಂದು ಹೆಣ್ಣುದನಿ ಪಿಸುಗುಟ್ಟಿತು, “ಬೇಸಸ್ ಫುಲ್ ಹೈ? ಅಚ್ಛಾ, ಅಚ್ಛಾ. ರುಕೋ.” ಮೂರೂ ಕಟ್ಟೆ ತುಂಬಿದ್ದು ಗೊತ್ತಾಯಿತಲ್ಲ, ಯಾರೋ ಆಟ ತಿಳಿದವರು ಅಂದುಕೊಂಡೆ.

ಚೆಂಡು ಬಂತು. ಹೊಡೆಯುವವನು ತನ್ನ ಮೂರನೇ, ಕೊನೆಯ ಅವಕಾಶಕ್ಕೆ ಬೀಸಿದ, ತಗುಲಲಿಲ್ಲ. ಆದರೆ ಚೆಂಡು ಮಣ್ಣಿಗೆ ಬಡಿದು ಕ್ಯಾಚರನ ಎದೆಗೆ ಪುಟಿದು ಕಾಲಬುಡದಲ್ಲಿ ಬಿತ್ತು. ಎಲ್ಲಿ ಹೋಯಿತು ಅಂತ ಅವನಿಗೇ ಕಾಣದು. ಆ ಚೆಂಡನ್ನು ಕ್ಯಾಚರ್ ಹಿಡಿಯದಿದ್ದರೆ ಔಟ್ ಆಗಲಿಲ್ಲ ಅಂತಲೇ ಲೆಕ್ಕ; ಓಡುವವನು ಬರುವ ಮೊದಲು ಚೆಂಡು ಹಿಡಿದು ಮನೆ ತುಳಿದರೆ ಮಾತ್ರ ಔಟು. ಎಲ್ಲರೂ ಓಡತೊಡಗಿದರು. ಇಂಚರ ಕೂತಲ್ಲೇ ಬೆರಳು ತೋರಿಸುತ್ತಾ, ಕಾಲಲ್ಲಿ ನೆಲ ತುಳಿಯುತ್ತಾ ಕಿರುಚಿದಳು, ಹಿಂದಿಯಲ್ಲಲ್ಲ, ಅಪ್ಪಟ ತಿಪಟೂರಿನ ಗಂಟಲಲ್ಲಿ: “ಕಾಲ್ ಹತ್ರ ಐತೆ! ಎತ್ಕೊಂಡು ಮನೆ ತುಳಿಯೋ! ಎಸೀಬೇಡ, ತುಳಿಯೋ!” ತೈವಾನಿನವನಿಗೆ ಕೇಳಿಸಿತೋ ಏನೋ! ಚೆಂಡು ಎತ್ತಿಕೊಂಡ, ಎಸೆಯಲು ಕೈ ಎತ್ತಿದವನು ತಡೆದು, ಮನೆ ಅನ್ನುವ ಆ ಬಿಳಿ ಹಲಗೆಯನ್ನು ಒಮ್ಮೆ ತುಳಿದ. ಮುಗಿಯಿತು. ಗೆದ್ದೆವು.

ನಾವು ಮೂವರೂ ತಬ್ಬಿಕೊಂಡು ಕುಣಿಯುತ್ತಿದ್ದಾಗ ಬಾಗಿಲಿಂದ ಅದೇ ದನಿ ಕೇಳಿತು: “ಮಾತಾಜೀ, ಅಬ್ ಬೋಲೂಂ?” ಈಗಲಾದರೂ ಮಾತಾಡಬಹುದಾ ಅಂತ.

ತಿರುಗಿದರೆ ಕೋಚ್ ಮೇಡಂ! ಹರಿಯಾಣದ ಹೆಂಗಸು, ಮನೆಯಿರೋದು ದೆಹಲಿಯ ಆ ತುದಿಯ ರೋಹಿಣಿಯಲ್ಲಿ. ಬಿಸಿಲಿಗೆ ಮುಖ ಕೆಂಪಾಗಿತ್ತು, ಸಿಟ್ಟಿಗೆ ಇನ್ನೂ ಸ್ವಲ್ಪ. ಮಧ್ಯಾಹ್ನದಿಂದ ಇಂಚರಳಿಗೂ, ಪರೀಕ್ಷೆ ಡ್ಯೂಟಿಗೆ ಅಂತ ಫೋನು ಆರಿಸಿಟ್ಟಿದ್ದ ಅವಳಮ್ಮನಿಗೂ ಫೋನು ಮಾಡಿ ಮಾಡಿ ಸಾಕಾಗಿ, ಗೇಟಿನಲ್ಲೂ ಉತ್ತರ ಸಿಗದೆ ನಿಂತಿದ್ದವರನ್ನು ಮಂಗಳಾ ಕರೆತಂದಿದ್ದಳು. ಆಯ್ಕೆಯಾದ ಹುಡುಗಿಯರೆಲ್ಲ ‘ಬರುತ್ತೇನೆ’ ಅಂತ ಉತ್ತರ ಕೊಟ್ಟಾಗಿತ್ತಂತೆ, ಇಂಚರಳೊಬ್ಬಳನ್ನು ಬಿಟ್ಟು. ಸಂಜೆಯೊಳಗೆ ಹೆಸರು ಕಳಿಸಬೇಕು. ಈ ಮನೆಯವರಿಗೆ ಇಷ್ಟವಿಲ್ಲವೇನೋ, ಇನ್ನೊಂದು ಹುಡುಗಿಯ ಹೆಸರು ಹಾಕೋಣ ಅಂದುಕೊಂಡರಂತೆ. ಮನಸ್ಸಾಗದೆ ಮೆಟ್ರೋ ಹಿಡಿದು ಬಂದರಂತೆ.

“ಫೋನ್ ಕಹಾಂ ಹೈ ತೇರಾ?” ಅಂತ ಇಂಚರಳನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಡಬ್ಬ ತಂದು ಅಕ್ಕಿಯೊಳಗಿಂದ ಫೋನು ಎತ್ತಿಕೊಟ್ಟೆ. ಮೇಡಂ ಆ ಡಬ್ಬ ನೋಡಿದರು, ನನ್ನನ್ನು ನೋಡಿದರು, ಸೋಫಾದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ನಿಂತಮೇಲೆ ಮಂಗಳಾ ಕಡೆ ತಿರುಗಿದರು. ತೈವಾನಿನವನಿಗಿಂತ ಮುಂಚೆ ನಿಮ್ಮ ಮಗಳಿಗೆ ಗೊತ್ತಿತ್ತು ಚೆಂಡು ಎಲ್ಲಿದೆ, ಏನು ಮಾಡಬೇಕು ಅಂತ. ಅವಳ ಭಾಷೆ ಬರದಿದ್ದರೂ ಕೈಕಾಲು ನೋಡಿಯೇ ನನಗೆ ತಿಳಿಯಿತು, ಇಂಥ ಬುದ್ಧಿಗೇ ಅವಳನ್ನು ಆರಿಸಿದ್ದು ಅಂದರು. “ಭೇಜೋಗೇ ಯಾ ನಹೀಂ?”

ಮಂಗಳಾ ಸ್ಟೂಲು ಎಳೆದುಕೊಂಡು ಹತ್ತಿ, ಚಳಿಗಾಲದಲ್ಲಿ ಹೊದೆಯುವ ದಪ್ಪ ರಜಾಯಿಗಳನ್ನೆಲ್ಲ ಅಟ್ಟದ ಆ ಖಾಲಿ ಜಾಗಕ್ಕೆ ತುರುಕಿದಳು. ಇಳಿದು ಕೈ ಕೊಡವಿ, “ಜಾಗ ಇಲ್ಲ ಮೇಡಂ. ಕಳಿಸಲೇಬೇಕು” ಅಂದಳು, ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ. ಇಂಚರ ಓಡಿಹೋಗಿ ಅವಳ ಸೊಂಟ ತಬ್ಬಿದಳು.

ಫೋನು ಮಲಗಿದ್ದ ಅಕ್ಕಿಯಲ್ಲೇ ಆ ಸಂಜೆ ಅನ್ನ ಮಾಡಿದೆ. ಹುರುಳಿಕಾಳಿನ ಬಸ್ಸಾರು, ಕೋಸಂಬರಿ, ಶಾವಿಗೆ ಪಾಯಸ. ಕುರ್ಚಿ ನಾಲ್ಕೇ ಇದ್ದವು, ಮೇಡಂ ಹೊರಡಲು ನಾವು ಬಿಡಲಿಲ್ಲ, ಹಾಗಾಗಿ ಎಲ್ಲರೂ ನೆಲದ ಮೇಲೇ ಸಾಲಾಗಿ ಕೂತೆವು. ಎಲೆ ಹಾಕಿ, ಉಪ್ಪು ಬಡಿಸಿ, ಯಾವ ಕಡೆಯಿಂದ ಅನ್ನ ಶುರುಮಾಡಲಿ ಅಂತ ಒಂದು ನಿಮಿಷ ಇಂಚರಳ ಪಕ್ಕ ಕೂತೆ, ಅಷ್ಟೇ. ಏಳಲು ನೆಲಕ್ಕೆ ಕೈ ಊರಿದೆ.

“ಅಜ್ಜೀ, ಅಲ್ಲೇ ಕೂತಿರು!” ಇಂಚರ ನನ್ನ ಸೆರಗು ಹಿಡಿದಳು. “ನಾವು ಗೆಲ್ತಾ ಇದ್ದೀವಿ. ಯಾರೂ ಜಾಗ ಬಿಡಬಾರದು. ತುಮ್ಹಾರಾ ಹೀ ರೂಲ್ ಹೈ!”

“ಮತ್ತೆ ಬಡಿಸೋರು ಯಾರೇ?”

“ನಾನು ಕೂತೇ ಇಲ್ಲ, ನಂಗೆ ರೂಲ್ ಇಲ್ಲ” ಅಂತ ಮಂಗಳಾ ಅನ್ನದ ಪಾತ್ರೆ ಎತ್ತಿಕೊಂಡಳು. ಮೊದಲ ಅನ್ನ ನನ್ನ ಎಲೆಗೇ ಬಿತ್ತು. ಎಲ್ಲರಿಗೂ ಬಡಿಸಿ, ಪಾತ್ರೆಗಳನ್ನು ಮಧ್ಯದಲ್ಲಿಟ್ಟು ಅವಳೂ ನನ್ನ ಎದುರು ಕೂತಳು. ಬಿಸಿ ಅನ್ನದ ಮೇಲೆ ಸಾರು, ಅದರ ಮೇಲೆ ತುಪ್ಪ. ಅಡಿಗೆಮನೆಯ ದೀಪ ಆರಿತ್ತು. ಜಡ್ಜು ತನ್ನ ಕಾನೂನಿಗೆ ತಾನೇ ತಲೆಬಾಗಿ, ಎಲ್ಲರ ಜೊತೆ ಮೊದಲ ತುತ್ತು ಕಲಸಿದಳು.