ಗಿಳಿಮೀನಿನ ಬಣ್ಣ

ನಮ್ಮ ಪ್ರಾಣಿಶಾಸ್ತ್ರದ ಮಾಸ್ತರರ ಬೆರಳ ತುದಿಗಳು ಸತ್ತ ಪ್ರಾಣಿ ಕೆಡದಂತಿಡುವ ಫಾರ್ಮಲಿನ್‌ನಲ್ಲಿ ನೆನೆದು ನೆನೆದು ಸುಣ್ಣದಂತೆ ಬಿಳಿಚಿದ್ದವು. ಆ ವಾಸನೆಗೆ ಸ್ಟಾಫ್ ರೂಮಿನಲ್ಲಿ ಅವರ ಆಚೀಚೆಯ ಕುರ್ಚಿಗಳು ಸದಾ ಖಾಲಿ. ರಂಗಂಪೇಟೆಯ ಅವರ ಬಾಡಿಗೆ ಖೋಲಿಯಲ್ಲಿ ಕುರ್ಚಿ ಇದ್ದದ್ದೇ ಒಂದು.

ಸುರಪುರದ ನಮ್ಮ ಕಾಲೇಜಿನಲ್ಲಿ ಸಮುದ್ರದ ಪ್ರತಿನಿಧಿಯಾಗಿ ಒಂದು ಗಾಜಿನ ಭರಣಿ, ಅದರೊಳಗೊಂದು ಗಿಳಿಮೀನು. ಸಮುದ್ರ ಕಾಣದ ಮಾಸ್ತರರು ಸಮುದ್ರ ಕಾಣದ ನಮಗೆ ಅದನ್ನು ರಾಯಭಾರಿಯಂತೆ ಪರಿಚಯಿಸುತ್ತಿದ್ದರು. ಹಲ್ಲೆಲ್ಲ ಕೂಡಿ ಕೊಕ್ಕಾಗಿವೆ. ಹವಳದ ಬಂಡೆ ಕೆರೆದು ತಿಂದು, ಬಿಳಿ ಮರಳು ಮಾಡಿ ಹೊರಹಾಕುತ್ತದೆ. ಇಷ್ಟು ಕಲ್ಲಿರುವ ಸುರಪುರ ಬಿಟ್ಟು ಅದು ಸಮುದ್ರಕ್ಕೇಕೆ ಹೋಯಿತೆಂಬುದು ಅವರಿಗೆ ಬಗೆಹರಿಯದ ಪ್ರಶ್ನೆ. ಕೆಲವು ಜಾತಿಯವು ಮೈಸುತ್ತ ಲೋಳೆಯ ಚೀಲ ಕಟ್ಟಿಕೊಂಡು ಒಂಟಿಯಾಗಿ ಮಲಗುತ್ತವೆ ಎಂದು ಹೇಳಿ ಭರಣಿಯ ಗಾಜು ಒರೆಸುತ್ತಿದ್ದರು.

ಪ್ರಾಕ್ಟಿಕಲ್ ಪುಸ್ತಕದಲ್ಲಿ ಅದರ ಚಿತ್ರಕ್ಕೆ ಬೂದು ಬಣ್ಣವನ್ನೇ ಹಚ್ಚಬೇಕು. ಭರಣಿಯಲ್ಲಿ ಕಂಡದ್ದೇ ಸತ್ಯ. ನನ್ನ ಜೊತೆ ಓದುತ್ತಿದ್ದ ಹುಣಸಗಿಯ ಹುಡುಗಿ ಹಸಿರು ಹಚ್ಚಿದಳು. ಮಾಸ್ತರರು ಕೆಂಪು ಗೆರೆ ಎಳೆದು, ಎಲ್ಲರೆದುರು, "ಕಣ್ಣ ಅದಾವೋ ಇಲ್ಲೋ ನಿನಗ?" ಅಂದರು. ಮರುವರ್ಷ ಆಕೆ ಪ್ರಾಣಿಶಾಸ್ತ್ರವನ್ನೇ ಬಿಟ್ಟಳು.

ಅವರು ನಿವೃತ್ತರಾಗಿ ಎಷ್ಟೋ ಕಾಲದ ಮೇಲೆ, ಒಂದು ಭಾನುವಾರ, ಮೊಬೈಲಿನಲ್ಲಿ ಗಿಳಿಮೀನು ಈಜುವುದನ್ನು ತೋರಿಸಿದೆ. ಹಸಿರು, ನೀಲಿ, ನಡುನಡುವೆ ಗುಲಾಬಿ. ಮೂರು ಸಲ ನೋಡಿದರು. ಫಾರ್ಮಲಿನ್ ಬಣ್ಣ ನುಂಗುತ್ತದೆಂದು ಕಪ್ಪೆಯ ಭರಣಿ ತೋರಿಸಿ ನಮಗೆ ಕಲಿಸಿದವರೇ ಅವರು. ಆದರೆ ಕಪ್ಪೆಯನ್ನು ಅವರು ಹೊರಗೂ ಕಂಡಿದ್ದರು.

"ಮೂವತ್ತು ವರ್ಷ ಹೆಣದ ಬಣ್ಣಾ ಕಲಿಸೀನಲ್ಲೋ," ಅಂದರು.

ಮರುದಿನ ಬೆಳಗಿನ ಬಸ್ಸಿಗೇ ಹುಣಸಗಿಗೆ ಹೊರಟರು. ಜೊತೆಗೆ ನಾನು. ಅಂಗನವಾಡಿ ಟೀಚರಾಗಿದ್ದ ಆಕೆಯ ಮನೆ ಬಾಗಿಲಲ್ಲಿ ನಿಂತು, ಕೋರ್ಟಿನಲ್ಲಿ ಸಾಕ್ಷಿ ನುಡಿದಂತೆ, ತಪ್ಪು ತನ್ನದೆಂದರು. ಆಕೆಗೆ ನಗು ಬಂತು.

"ನನಗರ ಏನ್ ಗೊತ್ತಿತ್ರಿ ಸರ? ಹೆಸರು ಗಿಳಿ ಅಂತಿತ್ತು, ಹಸರು ಹಚ್ಚಿದೆ."

"ಅಂದಾಜು ಮಾಡಿದಾಕಿ ಪಾಸು, ನೋಡಿದಾಂವ ಫೇಲು," ಎಂದು ಮಾಸ್ತರರು ತೀರ್ಪು ಕೊಟ್ಟರು.

ಆಕೆ ಸೆರಗು ಸರಿಮಾಡಿಕೊಂಡು ಮೆಲ್ಲಗೆ, "ಆದ್ರ ಆ ದಿನ ಭಾಳ ಅತ್ತೀನ್ರಿ," ಅಂದಳು.

"ಅದನ್ನ ಕೇಳಾಕಽ ಬಂದೀನವಾ," ಅಂದರು. ಆಕೆ ಚಹಾಕ್ಕಿಡಲು ಒಳಗೆ ಹೋದಳು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹೊರಲು ಮನೆ ಮಾಲೀಕ, ಮಾಸ್ತರರ ತಮ್ಮ, ನಾನು. ನಾಲ್ಕನೆಯ ಹೆಗಲಿಗೆ ಆಟೋದವನನ್ನು ಕೇಳಿಕೊಳ್ಳಬೇಕಾಯಿತು. ನಮ್ಮ ಹಿಂದೆ, ಹುಣಸಗಿಯಿಂದ ಬಂದಿದ್ದ ಆಕೆಯೊಬ್ಬಳೇ ನಡೆದು ಬರುತ್ತಿದ್ದಳು.

ಈಗ ನಾನೂ ಮಾಸ್ತರನೇ. ನಾನೆಳೆದ ಕೆಂಪು ಗೆರೆಗಳೆಲ್ಲ ಸರಿಯಿದ್ದವೆಂದು ಹೇಳಲಾರೆ. ಆದರೂ ಇದುವರೆಗೆ ಯಾವ ಊರಿನ ಬಸ್ಸನ್ನೂ ಹತ್ತಿಲ್ಲ.