ಸಾಯಬಮ್ಮನ ಮಾಳಿಗೆಯ ಹುಲ್ಲು

ಸುರಪುರ ಸೀಮೆಯ ಆ ಊರಲ್ಲಿ ಸೋಮಾರಿ ಹೆಂಗಸು ಯಾರೆಂದು ಕೇಳಿದರೆ ಜನ ಬಾಯಿ ಬಿಡುತ್ತಿರಲಿಲ್ಲ, ಸಾಯಬಮ್ಮನ ಮಾಳಿಗೆಯ ಕಡೆ ಕೈ ತೋರಿಸುತ್ತಿದ್ದರು. ಮನೆಯ ತಲೆಯ ಮೇಲೆ ಮೊಳಕಾಲುದ್ದ ಹುಲ್ಲು ಬೆಳೆಸಿಕೊಂಡವರು ಊರಿಗೆಲ್ಲ ಅವಳೊಬ್ಬಳೇ.

ಚಪ್ಪಟೆ ಚಾವಣಿಯ ಮಣ್ಣಿನ ಮಾಳಿಗೆಗೆ ಒಂದು ಕಟ್ಟಳೆಯಿದೆ. ಮಳೆಗಾಲಕ್ಕೆ ಮುಂಚೆ ಊರ ಮೇಲಿನ ಗಾಯರಾಣದಿಂದ, ಅಂದರೆ ದನ ಮೇಯಲು ಬಿಟ್ಟ ಜಾಗದಿಂದ, ಬುಟ್ಟಿಗಟ್ಟಲೆ ಮಣ್ಣು ತಂದು ಹರವಿ ಬಡಿಯಬೇಕು. ಮಣ್ಣಿನ ಜೊತೆ ಹುಲ್ಲಿನ ಬೀಜವೂ ಬರುತ್ತದೆ. ಶ್ರಾವಣದಲ್ಲಿ ಅದು ತಲೆ ಎತ್ತಿದರೆ ಕಿತ್ತು ಚೊಕ್ಕ ಮಾಡಬೇಕು. ಸಾಯಬಮ್ಮ ಮಣ್ಣು ಹರವಿದ್ದಳು, ಹುಲ್ಲು ಮಾತ್ರ ಕಿತ್ತಿರಲಿಲ್ಲ. ಆಮೇಲೆ ಗಾಯರಾಣದಲ್ಲಿ ಮುಳ್ಳು ತುಂಬಿಕೊಂಡು ಮಣ್ಣು ತರಲು ಯಾರೂ ಅತ್ತ ಹೋಗದಂತಾಯಿತು. ಊರವರು ಒಬ್ಬೊಬ್ಬರಾಗಿ ಸಿಮೆಂಟಿನ ಮಾಳಿಗೆ ಹಾಕಿಸಿದರು. ಇವಳ ಮಾಳಿಗೆಯಲ್ಲಿ ಮಾತ್ರ ಹಳೆಯ ಮಣ್ಣು, ಹಳೆಯ ಹುಲ್ಲು ಹಾಗೇ ಕೂತಿದ್ದವು.

ಗಂಡ ದೇವಿಂದ್ರ ಪ್ರತಿ ಶ್ರಾವಣದ ಮೊದಲ ಸೋಮವಾರ ತಪ್ಪದೆ ಕೂಗಾಡುತ್ತಿದ್ದ. ಅವಳ ಉತ್ತರವೂ ತಪ್ಪುತ್ತಿರಲಿಲ್ಲ.

“ದಿನಾ ಸರ್ಕಾರದ ನರ್ಸರ್‍ಯಾಗ ಕಳಿ ಕಿತ್ತು ಬರ್ತೀನಿ. ಮನಿಗಿ ಬಂದು ಮತ್ತ ಅದೇ ಕೀಳಬೇಕೇನು? ನಿನ್ನ ಕೈಗೇನು ಗೋರಂಟಿ ಹಚ್ಚ್ಯಾರ? ನೀನೇ ಏರು.”

ಏಣಿಯ ಮೂರನೇ ಮೆಟ್ಟಿಲಿಗೇ ದೇವಿಂದ್ರನಿಗೆ ತಲೆ ಸುತ್ತುತ್ತಿತ್ತು. ಹೀಗಾಗಿ ಹುಲ್ಲು ಉಳಿಯಿತು.

ಕಾಲುವೆ ಬಂದ ವರ್ಷವೇ ನರ್ಸರಿಯೂ ಬಂದದ್ದು. ಕೆಳಗಿನ ಜೋಳದ ಹೊಲಗಳೆಲ್ಲ ನೋಡನೋಡುತ್ತ ಗದ್ದೆಯಾದವು. ಕಾಲುವೆಯ ನೀರು ಏರದ ಗಾಯರಾಣವನ್ನು ಕಂಡು ಅರಣ್ಯ ಇಲಾಖೆಯ ಆಗಿನ ಸಾಹೇಬರೊಬ್ಬರಿಗೆ ಸಹಿಸಲಾಗಲಿಲ್ಲ. ಅಲ್ಲಿ ಹುಲ್ಲಿತ್ತು, ಹುಲ್ಲಿನಲ್ಲಿ ಚಿಗರಿಗಳ, ಅಂದರೆ ಜಿಂಕೆಗಳ, ಹಿಂಡಿತ್ತು. ಆದರೆ ಗಿಡವಿಲ್ಲದ ನೆಲವೆಲ್ಲ ಅವರ ಕಣ್ಣಿಗೆ ಬೋಳು. ಬಳ್ಳಾರಿ ಜಾಲಿಯ ಮುಳ್ಳುಗಿಡ ಹಚ್ಚಿರಿ ಎಂದರು. ಸಾಯಬಮ್ಮ ಹಚ್ಚಿದಳು. ಅವಳು ಹಚ್ಚಿದ ಒಂದು ಸಸಿಯೂ ಸಾಯಲಿಲ್ಲವೆಂದು ಸಭೆ ಕೂಡಿಸಿ ಶಾಲು ಹೊದಿಸಿದರು. ಬಳ್ಳಾರಿ ಜಾಲಿಯನ್ನು ಯಾರು ಹಚ್ಚಿದರೂ ಸಾಯುವುದಿಲ್ಲ ಎಂಬುದು ಊರಿಗೆ ಆಮೇಲೆ ತಿಳಿಯಿತು.

ಹತ್ತು ವರ್ಷದಲ್ಲಿ ಜಾಲಿ ಹುಲ್ಲನ್ನೆಲ್ಲ ನುಂಗಿತು. ಮೇಯಲು ಏನೂ ಸಿಗದೆ ಚಿಗರಿಗಳು ಗದ್ದೆಗೆ ಇಳಿದವು. ಬೈಸಿಕೊಂಡವು, ಕಲ್ಲೇಟು ತಿಂದವು, ಹಿಂಡು ಕರಗಿತು. ಶಿವರಾತ್ರಿಯ ಹೊತ್ತಿಗೆ ಒಂದು ದಿನ ಸಾಯಬಮ್ಮ ಗಂಡನೊಂದಿಗೆ ಕಾಲುವೆಗೆ ಬಟ್ಟೆ ಒಗೆಯಲು ಹೋದಾಗ ಒಂದು ಹೆಣ್ಣು ಚಿಗರಿ ನೀರಲ್ಲಿತ್ತು. ಸಿಮೆಂಟಿನ ಇಳಿಜಾರು ಹತ್ತುವುದು, ಗೊರಸು ಜಾರುವುದು, ಮತ್ತೆ ಹತ್ತುವುದು. ಇಬ್ಬರೂ ಒದ್ದೆ ಸೀರೆ ಹಾಕಿ ಎಳೆಯುವಷ್ಟರಲ್ಲಿ ಅದರ ಉಸಿರು ನಿಂತಿತ್ತು. ಹೊಟ್ಟೆಯಲ್ಲಿ ಮರಿಯಿತ್ತು.

“ಇದನ್ನ ನಾನೇ ಕೊಂದೀನಿ,” ಎಂದಳು ಸಾಯಬಮ್ಮ.

“ನೀ ಯಾಕ ಕೊಲ್ತಿ? ನೀರಾಗ ಬಿದ್ದು ಸತ್ತದ.”

“ಮ್ಯಾಲ ಹುಲ್ಲಿದ್ರ ಕೆಳಗ ಯಾಕ ಬರ್ತಿತ್ತು? ಆ ಜಾಲಿ ಹಚ್ಚಿದ್ದು ಈ ಕೈ.”

ಅಂದು ಅವಳು ಅತ್ತಷ್ಟು ತನ್ನ ತಾಯಿ ಸತ್ತಾಗಲೂ ಅತ್ತಿರಲಿಲ್ಲ. ಮನೆಗೆ ಹೋಗಿ ಪೆಟ್ಟಿಗೆಯಿಂದ ಶಾಲು ತಂದು ಚಿಗರಿಗೆ ಹೊದಿಸಿ ಮಣ್ಣು ಮಾಡಿದಳು. ಆ ಶಾಲಿಗೆ ಅದಕ್ಕಿಂತ ಮುಂಚೆ ಯಾವ ಉಪಯೋಗವೂ ಇರಲಿಲ್ಲ. ಗಾಯರಾಣದಲ್ಲಿ ಮತ್ತೆ ಹುಲ್ಲು ಕಾಣದೆ ತಾನು ಸಾಯಬಾರದು ಎಂದು ಅಂದೇ ಮನಸ್ಸಿಗೆ ಹಚ್ಚಿಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮೊದಲು ನಿನ್ನ ಮಾಳಿಗೆ ನೋಡಿಕೋ ಅನ್ನುತ್ತಿದ್ದರು.

ಕೆಲವು ವರ್ಷಕ್ಕೆ ಮನ್ಸೂರಅಲಿ ಎಂಬ ಹೊಸ ಸಾಹೇಬರು ಬಂದರು. ಜಾಲಿ ತೆಗೆದು ಹುಲ್ಲು ತರಬೇಕು, ಚಿಗರಿ ತಾವೇ ಬರುತ್ತವೆ ಎಂದರು. ಮರುದಿನ ಎಲ್ಲರಿಗಿಂತ ಮುಂಚೆ ಗುದ್ದಲಿ ಹಿಡಿದು ನಿಂತವಳು ಸಾಯಬಮ್ಮ. ಹಚ್ಚಿದ್ದಕ್ಕೆ ಪಟ್ಟಿದ್ದರ ಹತ್ತು ಪಾಲು ಕಷ್ಟ ಕೀಳುವುದಕ್ಕೆ ಪಟ್ಟಳು. ಬುಡ ಸಮೇತ ತೆಗೆಯಲು ಎರಡು ವರ್ಷ ಹಿಡಿಯಿತು. ಆಮೇಲೆ ಎಲ್ಲಿಂದಲೋ ಚೀಲಗಳಲ್ಲಿ ಹುಲ್ಲಿನ ಬೀಜ ತರಿಸಿ ಚೆಲ್ಲಿದರು. ಆಳೆತ್ತರ ಬೆಳೆಯಿತು. ಊರ ದನ ಬಂದು ಮೂಸಿ ನೋಡಿ, ಮನೆಗೆ ಹೊರಟವು.

“ಇಲ್ಲೀದೇ ಹುಲ್ಲಿನ ಬೀಜ ಬೇಕು,” ಎಂದರು ಮನ್ಸೂರಅಲಿ. “ಎಲ್ಲಾ ಕಡಿ ಹುಡುಕಿದೆ. ಗದ್ದಿ ಇಲ್ಲಂದ್ರ ಜಾಲಿ. ಬೀಜನೇ ಉಳದಿಲ್ಲ.”

ಆ ಶ್ರಾವಣದಲ್ಲಿ ಸಾಯಬಮ್ಮ ಜ್ವರ ಬಂದು ಮಲಗಿದಳು. ಎರಡು ದಿನ ಕೆಲಸಕ್ಕೆ ಬಾರದವಳನ್ನು ನೋಡಲು ಸಾಹೇಬರೇ ಬಂದರು. ಬಂದವರು ಬಾಗಿಲಲ್ಲೇ ನಿಂತು ಮೇಲೆ ನೋಡಿದರು. ಹೇಗಿದ್ದೀ ಎಂದೂ ಕೇಳದೆ ಏಣಿ ಹತ್ತಿದರು. ಮೇಲಿಂದ “ಯಾ ಅಲ್ಲಾ! ಕರಡ! ಹಂಚಿ ಹುಲ್ಲು!” ಎಂದು ಹಳೆಯ ಗಾಯರಾಣದ ಹುಲ್ಲುಗಳ ಹೆಸರು ಹಿಡಿದು ಕೂಗುವುದು ಕೇಳಿತು. ಜ್ವರದವಳು ಕಂಬಳಿ ಹೊದ್ದು ಹೊರಗೆ ಓಡಿ ಬಂದಳು.

“ಸಾಯಬಮ್ಮ, ಇದನ್ನ ಯಾರು ಬೆಳಸ್ಯಾರ?”

ಬೈಗುಳ ಬರುತ್ತದೆಂದು ಅವಳು ತಲೆ ತಗ್ಗಿಸಿದಳು. “ಯಾರೂ ಬೆಳಸಿಲ್ರಿ ಸಾಹೇಬ್ರ. ಕಿತ್ತಿಲ್ರಿ, ಅಷ್ಟೇ.”

ತೆನೆ ಬಲಿತ ಮೇಲೆ ಬೀಜ ಕೊಟ್ಟರೆ ಸಾಕು ಎಂದರು ಮನ್ಸೂರಅಲಿ. ಮಣ್ಣಿನಲ್ಲೂ ಹಳೆಯ ಬೀಜ ಇರುತ್ತದೆ, ಆದರೆ ಅದನ್ನು ಕೇಳಲು ಬಾಯಿ ಬರುವುದಿಲ್ಲ ಎಂದೂ ಅಂದರು. ಅವರು ಕೇಳಲೇ ಇಲ್ಲ. ಸಾಯಬಮ್ಮ ಬೀಜ ಕೊಟ್ಟಳು, ಬೇಸಿಗೆ ಮುಗಿಯುವ ಹೊತ್ತಿಗೆ ಏಣಿ ಹಾಕಿ ಮಾಳಿಗೆಯ ಮಣ್ಣನ್ನೂ ಕೆದರಿ ಬುಟ್ಟಿಗೆ ತುಂಬತೊಡಗಿದಳು.

“ತಲಿ ಗಿಲಿ ಕೆಟ್ಟದೇನು?” ಎಂದು ದೇವಿಂದ್ರ ಕೆಳಗಿನಿಂದ ಚೀರಿದ. “ಮನಿ ಮ್ಯಾಲಿಂದು ಒಯ್ದು ಗಾಯರಾಣಕ್ಕ ಹಾಕ್ತೀಯಾ? ಮಳಿ ಬಂದ್ರ?”

“ಬಂದ್ರ ತೊಯ್ತೀವಿ. ಚಿಗರಿ ಮುಳುಗಿ ಸತ್ತದ. ನಾವು ತೊಯ್ದ್ರ ಸಾಯ್ತೀವೇನು?”

ಹನ್ನೊಂದು ದಿನ ತಲೆಯ ಮೇಲೆ ಹೊತ್ತಳು. ಹನ್ನೆರಡನೇ ದಿನ ಮಳೆ ಬಂತು, ಹದಿನೈದು ದಿನ ಮುಂಚಿತವಾಗಿ. ಒಲೆಯ ಮೇಲೆ ಸೋರಿತು, ಜೋಳದ ಚೀಲದ ಮೇಲೆ ಸೋರಿತು. ದೇವಿಂದ್ರ ಮನೆಯೊಳಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಕೂತು ರೊಟ್ಟಿ ತಿಂದ. ನೋಡಲು ಅರ್ಧ ಊರೇ ಬಂತು. ಬಂದವರೆಲ್ಲ ಅಯ್ಯೋ ಪಾಪ ಅಂದು ತಮ್ಮ ಸಿಮೆಂಟಿನ ಮಾಳಿಗೆಗಳಿಗೆ ಹಿಂದಿರುಗಿದರು. ಆ ಮಳೆಗಾಲವೆಲ್ಲ ಗಂಡ ಹೆಂಡತಿ ಮಾತಾಡಿದ್ದು ಕಡಿಮೆ. ಪಾತ್ರೆ ಯಾವುದು ತುಂಬಿತು ಎಂಬಷ್ಟೇ ಮಾತು.

ಮೂರನೇ ವರ್ಷ, ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಸಾಯಬಮ್ಮ ಬುತ್ತಿ ಕಟ್ಟಿಕೊಂಡು ಗಾಯರಾಣಕ್ಕೆ ಹೋದಳು. ಅವಳು ಮಣ್ಣು ಸುರಿದ ಕಡೆಯೆಲ್ಲ ಕರಡ ತೆನೆ ಹಾಕಿತ್ತು. ಅದರ ನಡುವೆ ಐದು ಚಿಗರಿ, ಜೊತೆಗೊಂದು ಮರಿ, ಅವಸರವಿಲ್ಲದೆ ಮೇಯುತ್ತಿದ್ದವು. ಸಾಯಬಮ್ಮನ ಕಾಲು ನಿಂತಲ್ಲೇ ನಿಂತವು. ಸಂತೋಷಕ್ಕೆ ಕಣ್ಣು ತುಂಬಿ ಬಂದು ಆರು ಚಿಗರಿ ಹನ್ನೆರಡಾದವು.

ಅಷ್ಟರಲ್ಲಿ ಗಾರ್ಡ್ ತಾಯಪ್ಪ ಕೋಲು ಎತ್ತಿಕೊಂಡು ಓಡಿ ಬಂದ. ಕೆಲಸಕ್ಕೆ ಸೇರಿ ಎಂಟು ದಿನವಾಗಿತ್ತು. ಹುಲ್ಲು ಕಾಯಬೇಕು ಎಂದಷ್ಟೇ ಅವನಿಗೆ ಹೇಳಿದ್ದರು.

“ಹೋ! ಹೋ! ಯಕ್ಕಾ, ನೋಡ್ಕೋತ ನಿಂತೀಯಲ್ಲ, ಓಡ್ಸು! ಸರ್ಕಾರದ ಹುಲ್ಲು ತಿನ್ನಾಕತ್ತಾವ!”

ಸಾಯಬಮ್ಮ ಅವನ ಕೈಯಿಂದ ಕೋಲು ಕಸಿದುಕೊಂಡಳು.

“ಸುಮ್ನ ಕುಂದರಪ್ಪ. ಸರ್ಕಾರದ್ದಲ್ಲ, ಅವು ತಿನ್ನಾಕತ್ತಿದ್ದು ನನ್ನ ಮಾಳಿಗಿ.”