ಮಾಂತೇಶಣ್ಣನ ಮಿಲಿಟರಿ ಹಸಿರು

ಇಳಕಲ್ಲಿನ ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿರುವ ವಿಜಯಮಹಾಂತೇಶನನ್ನು ಪೂರ್ತಿ ಹೆಸರಿನಿಂದ ಕರೆಯುವವರು ಬ್ಯಾಂಕಿನವರು ಮಾತ್ರ. ಊರಿಗೆಲ್ಲ ಅವನು ಮಾಂತೇಶಣ್ಣ. ಐವತ್ತು ದಾಟಿದ ಗಂಡಸು, ಅಗಲ ಹಣೆ, ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಗಾದಿಯ ಮೇಲೆ ಕೂತು ಸೀರೆ ಬಿಚ್ಚುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಒಮ್ಮೆ ಕೈ ಝಾಡಿಸಿದರೆ ಸೆರಗು ತಾನಾಗಿ ಗಿರಾಕಿಯ ಕಾಲ ಬಳಿ ಹೋಗಿ ಹರಡಿಕೊಳ್ಳುತ್ತದೆ. ಆದರೆ ಆ ಸೀರೆಯಲ್ಲಿ ಒಂದು ಎಳೆಯನ್ನೂ ಅವನು ನೇಯ್ದವನಲ್ಲ. ಅಂಗಡಿ ಅಪ್ಪ ಕಟ್ಟಿದ್ದು, ಸೀರೆ ಬೇರೆಯವರು ನೇಯ್ದದ್ದು, ಮನೆ ಅಜ್ಜ ಬಿಟ್ಟು ಹೋದದ್ದು. ತನ್ನ ಸ್ವಂತ ದುಡಿಮೆಯಿಂದ ಬೆಳೆದದ್ದು ಈ ಹೊಟ್ಟೆ ಒಂದೇ ಎಂದು ತಾನೇ ಅದನ್ನು ತಟ್ಟಿ ತೋರಿಸಿ ನಗುತ್ತಿದ್ದ. ನಗುವಾಗಲೂ ಒಳಗೆ ಅದು ಚುಚ್ಚುತ್ತಿತ್ತು. ಸಾಯುವುದರೊಳಗೆ, ಇದು ನಾನು ಮಾಡಿದ್ದು ಎಂದು ನಾಲ್ಕು ಮಂದಿಗೆ ತೋರಿಸಲು ಅವನಿಗೊಂದು ವಸ್ತು ಬೇಕಾಗಿತ್ತು.

ಅದು ಮಿಲಿಟರಿ ಗಾಡಿಯೇ ಆಗಬೇಕೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಒಂದು ಮದುವೆಯ ಸೀರೆ ಗಂಟು ಮುಟ್ಟಿಸಲು ಮರೋಳಕ್ಕೆ ಹೋಗಿದ್ದಾಗ, ಏತ ನೀರಾವರಿಯ ಕೆಲಸಕ್ಕೆ ಬಂದಿದ್ದ ಹಳೆಯ ಗುತ್ತಿಗೆದಾರನೊಬ್ಬನ ಹಿತ್ತಲಿನಲ್ಲಿ ಅದು ಕಣ್ಣಿಗೆ ಬಿತ್ತು. ಸೈನ್ಯದವರು ಹರಾಜು ಹಾಕಿದ್ದ ಒಂದು ಟನ್ನಿನ ಪಿಕಪ್. ಮುಂದೆ ಇಬ್ಬರು ಕೂರುವ ಜಾಗ, ಹಿಂದೆ ಜವಾನರೋ ಸಾಮಾನೋ ಹೇರುವ ತೆರೆದ ಡಬ್ಬಿ. ಆ ಡಬ್ಬಿಯೊಳಗೆ ಆಗ ಕೋಳಿಗಳು ಸಂಸಾರ ಹೂಡಿದ್ದವು. ಗಾಲಿಗಳು ಅರ್ಧ ಮಣ್ಣಿನಲ್ಲಿದ್ದವು. ಇಡೀ ಗಾಡಿಯಲ್ಲಿ ತುಕ್ಕು ಹಿಡಿಯದೆ ಉಳಿದಿದ್ದವು ಕಾಗದಪತ್ರಗಳಷ್ಟೇ. ಮಾಂತೇಶಣ್ಣ ಅದರ ಸುತ್ತ ಪ್ರದಕ್ಷಿಣೆ ಹಾಕಿದ, ಬಾನೆಟ್ಟಿನ ಮೇಲೆ ಕೈಯಾಡಿಸಿದ, ಊಟಕ್ಕೆ ಕರೆದರೂ ಹೋಗಲಿಲ್ಲ. ಮರುವಾರ ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಅದನ್ನು ಇಳಕಲ್ಲಿಗೆ ಎಳೆದು ತಂದಾಗ, ಓಣಿಯ ಮಂದಿ ಸತ್ತ ಆನೆ ಬಂತೆಂಬಂತೆ ಹೊರಗೆ ಬಂದು ನಿಂತರು. ಅವನ ಹೆಂಡತಿ ಮಹೇಶ್ವರಿ ಬಾಗಿಲಲ್ಲಿ ನಿಂತು ನೋಡಿ, ಏನೂ ಅನ್ನದೆ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಮಾಂತೇಶಣ್ಣನಿಗೆ ಆಗ ಸ್ಪ್ಯಾನರ್ ಯಾವ ತುದಿಯಿಂದ ಹಿಡಿಯಬೇಕೆಂಬುದೂ ಗೊತ್ತಿರಲಿಲ್ಲ. ಹೆದ್ದಾರಿಯ ಪಕ್ಕ ಗ್ಯಾರೇಜ್ ಇಟ್ಟಿದ್ದ ಅಹ್ಮದಸಾಬನನ್ನು ಗುರು ಮಾಡಿಕೊಂಡ. ಗುರುವಿಗೆ ಗೊತ್ತಿದ್ದದ್ದು ಟ್ರ್ಯಾಕ್ಟರ್ ಮತ್ತು ಟಂಟಂ ಆಟೋ. ಆದರೆ ಧೈರ್ಯಕ್ಕೆ ಕೊರತೆ ಇರಲಿಲ್ಲ. ಎಲ್ಲದಕ್ಕೂ ಅವನದು ಒಂದೇ ಮಾತು, "ಆಗ್ತೈತ್ರಿ ಸಾವ್ಕಾರ್ರ." ಹೀಗೆ ಇಬ್ಬರೂ ಸೇರಿ ಬಿಚ್ಚಿದರು. ಬಿಚ್ಚುವುದು ಒಂದು ವಾರದಲ್ಲಿ ಮುಗಿಯಿತು. ಕೂಡಿಸಲು ಕೂತಾಗ ಒಂದು ಬುಟ್ಟಿ ಬೋಲ್ಟು ಉಳಿದವು. ಉಳಿದದ್ದು ಹೆಚ್ಚಿನದಿರಬೇಕು, ಸೈನ್ಯದವರು ಎಲ್ಲವನ್ನೂ ಎರಡೆರಡು ಹಾಕುತ್ತಾರೆ ಎಂದು ಅಹ್ಮದಸಾಬ ಸಮಾಧಾನ ಹೇಳಿದ. ಮಾಂತೇಶಣ್ಣ ನಂಬಿದ. ನಂಬುವುದು ಅವನಿಗೆ ಮೊದಲಿನಿಂದಲೂ ಸಲೀಸು.

ಹಿತ್ತಾಳೆ ತಂಬಿಗೆ ತಿಕ್ಕುವ ಹುಣಸೆಹಣ್ಣಿಗೆ ಕಬ್ಬಿಣದ ತುಕ್ಕೂ ಬಿಡುತ್ತದೆಂದು ಯಾರೋ ಹೇಳಿದ್ದೇ ತಡ, ಮನೆಯ ವರ್ಷದ ಹುಣಸೆಹಣ್ಣೆಲ್ಲ ಬಕೆಟ್ಟಿಗೆ ಬಿತ್ತು. ತುಕ್ಕು ಬಿಟ್ಟಿತು. ಮನೆಯಲ್ಲಿ ಮಳೆಗಾಲ ಪೂರ್ತಿ ಸಾರು ಸಪ್ಪೆಯಾಯಿತು. ಪೆಟ್ರೋಲ್ ಟಾಕಿಯ ಒಳಗನ್ನು ತೊಳೆಯಲು ಗರಸು ಕಲ್ಲು ತುಂಬಿ ಕುಲುಕಿದ. ಕುಲುಕುವ ಭರದಲ್ಲಿ ಸೊಂಟ ಹಿಡಿದುಕೊಂಡು, ಸೀರೆ ತೋರಿಸಲು ಬಾಗಲಾರದೆ ಹದಿನೈದು ದಿನ ಅಂಗಡಿಯಲ್ಲಿ ಬಸವಣ್ಣನ ಮೂರ್ತಿಯ ಹಾಗೆ ನೆಟ್ಟಗೆ ಕೂತ. ಬೆರಳಿಗೆ ಹತ್ತಿದ ಗ್ರೀಸು ತೊಳೆದರೂ ಹೋಗದೆ, ಹುನಗುಂದದ ಗಿರಾಕಿಯೊಬ್ಬರು ಆರಿಸಿದ್ದ ಬಿಳಿ ರೇಷ್ಮೆಯ ಮೇಲೆ ಅವನ ಐದೂ ಬೆರಳು ಮೂಡಿದವು. ಅದನ್ನೂ ತಾನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ. ಜನ ನಗುವುದಕ್ಕಿಂತ ಮೊದಲು ತಾನು ನಕ್ಕರೆ ನೋವು ಕಡಿಮೆ ಎಂದು ಅವನಿಗೆ ತಿಳಿದಿತ್ತು.

ಕೊನೆಗೆ ಒಂದು ದಿನ ಎಂಜಿನ್ನು ಕೆಮ್ಮಿತು, ಉಗುಳಿತು, ಗುಡುಗಿತು. ಮಾಂತೇಶಣ್ಣ ಸ್ಟೇರಿಂಗಿಗೆ ಹಣೆಯಿಟ್ಟು ಅತ್ತುಬಿಟ್ಟ.

ಉಳಿದದ್ದು ಬಣ್ಣ. ಅದು ಅವನ ಸ್ವಂತ ರಾಜ್ಯ. ಗಾಡಿಗೆ ಗುತ್ತಿಗೆದಾರ ಹಳದಿ ಬಳಿದಿದ್ದ. ಬಾಗಿಲ ಒಳಮೈಯಲ್ಲಿ ಹಳದಿ ಕೆರೆದು ನೋಡಿದಾಗ ಅಂಗೈಯಗಲ ಮೂಲ ಹಸಿರು ಸಿಕ್ಕಿತು. ಅಂಥ ಗಂಭೀರ ಬಣ್ಣವನ್ನು ಈ ಪುಣ್ಯಾತ್ಮ ಯಾಕೆ ಮುಚ್ಚಿದ ಎಂದು ಮಾಂತೇಶಣ್ಣ ಒಮ್ಮೆಯಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಬಣ್ಣದ ರುಚಿ ತಿಳಿಯದವನೆಂದು ಬೈದು ಮುಗಿಸಿದ. ಬಾಗಲಕೋಟೆಯ ಪೇಂಟಿನ ಅಂಗಡಿಯವನು ತೋರಿಸಿದ ಹಸಿರು ಒಂದೂ ಅವನಿಗೆ ಒಪ್ಪಿಗೆಯಾಗಲಿಲ್ಲ. ಒಂದು ಗಿಣಿಯ ಕಡೆಗೆ ವಾಲಿತ್ತು, ಇನ್ನೊಂದು ಬೇವಿನೆಲೆಯ ಕಡೆಗೆ. ಆಮೇಲೆ ಅವನು ಮಾಡಿದ್ದು ಇಳಕಲ್ಲಿನ ಸೀರೆ ವ್ಯಾಪಾರಿ ಮಾತ್ರ ಮಾಡಬಹುದಾದ ಕೆಲಸ. ನೂಲಿಗೆ ಬಣ್ಣ ಹಾಕುವವರ ಮನೆಗೆ ಹೋಗಿ, ಆ ಹಸಿರಿಗೆ ಸರಿಯಾಗಿ ಒಂದು ಲಡಿ ರೇಷ್ಮೆ ನೂಲು ಅದ್ದಿಸಿದ. ಸರಿ ಬರಲಿಲ್ಲವೆಂದು ಮತ್ತೆ ಅದ್ದಿಸಿದ. ಅಂಗಡಿಯ ದೀಪದಲ್ಲಿ ಬಣ್ಣ ನೋಡುವವನು ಅವನಲ್ಲ. ಪ್ರತಿ ಸಲವೂ ಲಡಿಯನ್ನು ಬೀದಿಯ ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಆ ಲಡಿಗೆ ತಕ್ಕಂತೆ ಪೇಂಟು ಕಲಸಿಸಿ, ತಾನೇ ಗಾಡಿಗೆ ಹೊಡೆದ. ಎರಡನ್ನೂ ಪಕ್ಕದಲ್ಲಿಟ್ಟರೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಸೈನ್ಯದಲ್ಲಿ ಇಂಥದೇ ಗಾಡಿ ಓಡಿಸಿ ನಿವೃತ್ತರಾಗಿದ್ದ ಹುನಗುಂದದ ಹುಸೇನಸಾಬರನ್ನು ಕರೆಸಿ ತೋರಿಸಿದ. ಅವರು ಕೋಲೂರಿಕೊಂಡು ಸುತ್ತ ನೋಡಿ, ಬಣ್ಣ ಬರೋಬ್ಬರಿ ಐತಿ ಎಂದರು. ಇನ್ನೇನೋ ಹೇಳಲು ಬಾಯಿ ತೆರೆದು, ಮಾಂತೇಶಣ್ಣನ ಮುಖ ನೋಡಿ ಸುಮ್ಮನಾದರು. ಮುದುಕರಿಗೆ ಕಂಠ ತುಂಬಿ ಬಂತೆಂದು ಇವನು ತಿಳಿದ.

ಇಷ್ಟರಲ್ಲಿ ಮಹೇಶ್ವರಿಯ ಸಹನೆ ಮುಗಿದಿತ್ತು. ಅವಳು ಪಕ್ಕದ ಮನೆಯ ಸಿದ್ದಲಿಂಗವ್ವ ಮತ್ತು ಓಣಿಯ ಇತರ ಹೆಂಗಸರನ್ನು ಕೂಡಿಸಿಕೊಂಡು ಕಡಕ್ ರೊಟ್ಟಿ ಮಾಡಿ ಹಾಸ್ಟೆಲುಗಳಿಗೆ ಕಳಿಸುತ್ತಿದ್ದಳು. ಅಂಗಳದ ತಗಡಿನ ನೆರಳಲ್ಲಿ ಗಾಡಿ, ಹೊರಗೆ ಬಿಸಿಲಿನಲ್ಲಿ ಒಲೆ ಮತ್ತು ಹೆಂಗಸರು. ಬಾಗಲಕೋಟೆಯ ಆರ್‌ಟಿಓ ಕಚೇರಿಯಲ್ಲಿ ಗಾಡಿ ಪಾಸಾದರೆ ಇಟ್ಟುಕೊಳ್ಳಲಿ, ಆಗದಿದ್ದರೆ ಬರುವ ದಾರಿಯಲ್ಲೇ ಹುನಗುಂದದ ಗುಜರಿ ಅಂಗಡಿಗೆ ಹಾಕಿ ಬರಬೇಕು ಎಂದು ಅವಳು ಹೇಳಿದಳು. ಮಾಂತೇಶಣ್ಣ ಲಿಂಗ ಮುಟ್ಟಿ ಮಾತು ಕೊಟ್ಟ. ಅದು ಪಾಸಾಗುತ್ತದೆಂದು ಅವನಿಗೆ ಅಷ್ಟು ನಂಬಿಕೆ.

ಗಾಡಿ ಬಾಗಲಕೋಟೆ ಮುಟ್ಟುತ್ತದೆಂದು ಮಹೇಶ್ವರಿಗೆ ನಂಬಿಕೆ ಇರಲಿಲ್ಲ. ಹಾಗಾಗಿ ರೊಟ್ಟಿ, ಶೇಂಗಾ ಚಟ್ನಿ, ನೀರಿನ ಕೊಡ ಎಲ್ಲ ಕಟ್ಟಿಕೊಂಡು ತಾನೂ ಪಕ್ಕದಲ್ಲಿ ಹತ್ತಿ ಕೂತಳು. ಅಹ್ಮದಸಾಬ ಸ್ಪ್ಯಾನರುಗಳ ಚೀಲ ಕಟ್ಟಿಕೊಂಡು ಮೋಟರ್ ಸೈಕಲ್ ಮೇಲೆ ಹಿಂದೆ ಬಂದ. ಹುನಗುಂದ ದಾಟಿದ ಮೇಲೆ, ಇನ್ನೇನೂ ಆಗುವುದಿಲ್ಲವೆಂದು ಹೇಳಿ ಹಿಂದಿರುಗಿಬಿಟ್ಟ. ಗುರುವೇ ಕೈಬಿಟ್ಟನಲ್ಲ ಎಂದು ಮಾಂತೇಶಣ್ಣ ಅಂಜಿದ. ಆದರೆ ಗಾಡಿ ನಿಲ್ಲಲಿಲ್ಲ. ಅಮೀನಗಡದ ಏರಿನಲ್ಲಿ ಏದುಸಿರು ಬಿಟ್ಟರೂ ಏರಿತು. ಲಾರಿಯವರು ಹಾರ್ನ್ ಹೊಡೆದು ಕೈ ಬೀಸಿದರು. ಮಹೇಶ್ವರಿ ಗಾಳಿಗೆ ಸೆರಗು ಹಿಡಿದುಕೊಂಡು ಹೊರಗೆ ನೋಡುತ್ತ ಕೂತಿದ್ದಳು. ಅವಳ ತುಟಿಯಂಚಿನಲ್ಲಿ ಸಣ್ಣ ನಗು ಇದ್ದಂತೆ ಅವನಿಗೆ ಕಂಡಿತು. ಕೇಳುವ ಧೈರ್ಯ ಆಗಲಿಲ್ಲ.

ಕಚೇರಿಯಲ್ಲಿ ಬ್ರೇಕು ಪಾಸಾಯಿತು. ದೀಪ, ಹಾರ್ನು, ಹೊಗೆ ಎಲ್ಲ ಪಾಸಾದವು. ಇನ್ಸ್‌ಪೆಕ್ಟರ್ ಮೇಡಂ ಗಾಡಿಯ ಸುತ್ತ ಬಂದು, ಬಾಗಿಲ ಬಳಿ ನಿಂತು, ಇದು ಯಾವ ಹಸಿರು, ಎಲೆ ಹಸಿರೋ ಏನು ಎಂದು ಕೇಳಿದರು. ಹೌದು ಎಂದು ತಲೆಯಾಡಿಸಿದ್ದರೆ ಏನಾಗುತ್ತಿತ್ತೋ ದೇವರಿಗೇ ಗೊತ್ತು. ಆದರೆ ಮೂವತ್ತು ವರ್ಷ ಬಣ್ಣ ಮಾರಿದ ಬಾಯಿ ಅದು.

"ಎಲಿ ಹಸಿರು ಅಂತೀರೇನ್ರಿ ಮೇಡಂ," ಎಂದ ಮಾಂತೇಶಣ್ಣ. "ಎಲಿ ಹಸಿರಿಗೂ ಇದಕ್ಕೂ ಭಾಳ ಫರಕ್ ಐತ್ರಿ. ಇದು ಖರೇನ ಮಿಲಿಟರಿ ಹಸಿರು."

ಅಷ್ಟಕ್ಕೆ ನಿಲ್ಲಿಸಲಿಲ್ಲ. ಕಿಸೆಯಿಂದ ರೇಷ್ಮೆ ಲಡಿ ತೆಗೆದು ಬಿಸಿಲಿಗೆ ಹಿಡಿದ. ಎರಡು ಸಲ ಅದ್ದಿಸಿದ್ದು, ಪೇಂಟಿನವನ ಜೊತೆ ಜಗಳಾಡಿದ್ದು, ಹುಸೇನಸಾಬರು ಮೆಚ್ಚಿದ್ದು, ಎಲ್ಲವನ್ನೂ ಹೇಳಿದ. ಮೇಡಂ ಪೂರ್ತಿ ಕೇಳಿದರು. ಆಮೇಲೆ ಬೇಸರದಿಂದಲೇ ಹೇಳಿದರು: ಈ ಬಣ್ಣ ಸೈನ್ಯದ ಗಾಡಿಗಳಿಗೆ ಮಾತ್ರ, ಖಾಸಗಿಯವರು ಹಚ್ಚುವಂತಿಲ್ಲ, ಕಾನೂನು ಹಾಗಿದೆ. ಬೇರೆ ಬಣ್ಣ ಹಚ್ಚಿಕೊಂಡು ಬಂದರೆ ಮತ್ತೆ ನೋಡುತ್ತೇನೆ. ಗುತ್ತಿಗೆದಾರ ಯಾಕೆ ಹಳದಿ ಬಳಿದಿದ್ದ, ಹುಸೇನಸಾಬರು ಯಾಕೆ ಬಾಯಿ ಮುಚ್ಚಿಕೊಂಡಿದ್ದರು, ಎರಡೂ ಒಟ್ಟಿಗೆ ಅವನಿಗೆ ಹೊಳೆದವು. ಜೀವನದಲ್ಲಿ ಒಂದೇ ಒಂದು ಕೆಲಸವನ್ನು ಎಳ್ಳಷ್ಟೂ ತಪ್ಪಿಲ್ಲದೆ ಮಾಡಿದ್ದ. ಅದರಲ್ಲೇ ಫೇಲಾಗಿದ್ದ.

ಬರುವಾಗ ಅಮೀನಗಡ ದಾಟಿ ಹುನಗುಂದ ಹತ್ತಿರ ಬರುತ್ತಿದ್ದಂತೆ ಮಾಂತೇಶಣ್ಣ ತಾನೇ ಮಾತು ತೆಗೆದ. ಕೊಟ್ಟ ಮಾತು ಕೊಟ್ಟದ್ದು, ಗುಜರಿ ಅಂಗಡಿಯ ಮುಂದೆ ನಿಲ್ಲಿಸುತ್ತೇನೆ, ಅಲ್ಲಿಂದ ಬಸ್ಸಿಗೆ ಹೋಗೋಣ ಎಂದ. ಮಹೇಶ್ವರಿ ಗಾಡಿಯನ್ನು ಬದಿಗೆ ಹಚ್ಚಲು ಹೇಳಿದಳು. ಅವನು ಹಚ್ಚಿದ.

"ಮುಂಜಾನಿಂದ ಬಣ್ಣದ ಬಗ್ಗೆ ಎಷ್ಟ್ ಮಾತಾಡಿದ್ರಿ," ಎಂದಳು. "ಒಂದು ಕೇಳ್ತೇನಿ, ಹೇಳ್ರಿ. ನನಗ ಯಾವ ಬಣ್ಣ ಸೇರ್ತೈತಿ?"

ಇದೇನು ದೊಡ್ಡ ಪ್ರಶ್ನೆ ಎಂದುಕೊಂಡ ಅವನು. ಅವಳು ಉಟ್ಟ ಸೀರೆಗಳನ್ನೆಲ್ಲ ಕಣ್ಣ ಮುಂದೆ ತಂದುಕೊಂಡು ಬೂದಿ ಬಣ್ಣ ಎಂದ. ಅವಳು ಅಲ್ಲವೆಂದಳು. ನಶ್ಯದ ಬಣ್ಣ ಎಂದ. ಅದೂ ಅಲ್ಲ.

"ಅವೆಲ್ಲ ನಿಮ್ಮ ಅಂಗಡ್ಯಾಗ ಯಾರೂ ಒಯ್ಯದ ಬಣ್ಣರೀ. ವರ್ಷ ಮುಗದ ಮ್ಯಾಲ ಉಳದದ್ದನ್ನ ಮನಿಗೆ ತಂದ್ರಿ, ನಾ ಉಟ್ಟೆ. ನನಗ ದಾಳಿಂಬಿ ಕೆಂಪು ಸೇರ್ತೈತಿ."

ಮಾಂತೇಶಣ್ಣನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ದಾಳಿಂಬೆ ಕೆಂಪು ಅವನ ಅಂಗಡಿಯಲ್ಲಿ ಎಲ್ಲಕ್ಕಿಂತ ಮೊದಲು ಖರ್ಚಾಗುವ ಬಣ್ಣ. ಗಂಟು ಬಿಚ್ಚಿದ ವಾರದಲ್ಲೇ ಮುಗಿಯುತ್ತಿತ್ತು. ಹಾಗಾಗಿ ಒಂದೇ ಒಂದು ದಾಳಿಂಬೆ ಸೀರೆಯೂ ಇಷ್ಟು ವರ್ಷಗಳಲ್ಲಿ ಅವನ ಮನೆಯ ಹೊಸ್ತಿಲು ದಾಟಿರಲಿಲ್ಲ. ಊರ ಹೆಂಗಸರ ಮೈಬಣ್ಣ ನೋಡಿಯೇ ಸೀರೆ ತೆಗೆದುಕೊಡುವವನೆಂದು ಅವನಿಗಿದ್ದ ಹೆಸರನ್ನು ನೆನೆದು ಅವನಿಗೆ ನಾಚಿಕೆಯಾಯಿತು. ಒಂದೇ ದಿನ ಎರಡು ಪರೀಕ್ಷೆಯಲ್ಲಿ ಫೇಲಾದವನು ಇಳಕಲ್ಲಿನಲ್ಲಿ ತಾನೊಬ್ಬನೇ ಇರಬೇಕು ಎಂದುಕೊಂಡ. ಈ ಸಲ ಅದನ್ನು ಯಾರಿಗೂ ಹೇಳಿ ನಗಬೇಕೆನಿಸಲಿಲ್ಲ.

ಹಾಗಾದರೆ ಗುಜರಿಗೇ ಹೋಗೋಣವೇ ಎಂದು ಸಣ್ಣ ದನಿಯಲ್ಲಿ ಕೇಳಿದ.

"ಬ್ಯಾಡ, ನಡೀರಿ ಮನಿಗೆ," ಎಂದಳು ಮಹೇಶ್ವರಿ. ಬಾಗಲಕೋಟೆಗೆ ಹೋಗಿ ಬರುವಷ್ಟು ಗಟ್ಟಿಯಾದ ಗಾಡಿಯನ್ನು ಯಾರಾದರೂ ಮುರಿಯಲು ಕೊಡುತ್ತಾರೆಯೇ, ಹಾಸ್ಟೆಲಿಗೆ ರೊಟ್ಟಿ ಹೇರಲು ಬರುತ್ತದೆ, ಆದರೆ ಇನ್ನು ಅದು ಬಿಸಿಲಿನಲ್ಲಿ ನಿಲ್ಲಲಿ, ಒಲೆ ನೆರಳಿಗೆ ಬರಲಿ ಎಂದಳು. ಬಣ್ಣ ಮಾತ್ರ ದಾಳಿಂಬೆ. ಅವನು ಗಾಡಿಯನ್ನು ಮನೆಯ ಕಡೆಗೆ ಬಿಟ್ಟ.

ಮರುದಿನ ಅಂಗಡಿಯಲ್ಲಿ ಹೇಗೋ ಉಳಿದಿದ್ದ ಒಂದು ದಾಳಿಂಬೆ ಸೀರೆಯನ್ನು ಮನೆಗೆ ಒಯ್ದ. ಅವಳು ಮುಟ್ಟಲಿಲ್ಲ. ಆರಿಸುವುದಿದ್ದರೆ ತಾನೇ ಬಂದು ಆರಿಸುತ್ತೇನೆ ಎಂದಳು. ಹೊಸ ಗಂಟು ಬಂದ ದಿನ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಗಿರಾಕಿಗಳು ಕೂರುವ ಜಾಗದಲ್ಲಿ ಗೋಡೆಗೊರಗಿ ಕೂತು, ತೋರಿಸ್ರಿ ಎಂದಳು. ಮಾಂತೇಶಣ್ಣ ತೋರಿಸಿದ. ಜೀವಮಾನದಲ್ಲಿ ಸಾವಿರಾರು ಸೆರಗು ಝಾಡಿಸಿದ ಕೈ ಆವತ್ತು ಎರಡು ಸಲ ತಪ್ಪಿತು. ಇದರ ದಡಿ ಸಣ್ಣದು, ಇದರ ಕೆಂಪು ಕಪ್ಪಿಗೆ ತಿರುಗಿದೆ, ಇದನ್ನು ಬಿಸಿಲಿಗೆ ಹಿಡಿಯಿರಿ ಎಂದು ಅವಳು ಅಂಗಡಿಯನ್ನೆಲ್ಲ ಕೆಳಗಿಳಿಸಿದಳು. ಊಟದ ಹೊತ್ತಾಗಿ ಬೇರೆ ಗಿರಾಕಿಗಳು ಎದ್ದು ಹೋದರು. ಕೊನೆಗೆ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರುತ್ತ ಕೂತಳು. ಇನ್ನು ಬೇರೆ ತೋರಿಸುವುದು ಬೇಡವೆಂದು ಅವನಿಗೆ ಗೊತ್ತಾಯಿತು.

ಅವನಿಗೆ ತಡೆಯಲಾರದಷ್ಟು ಖುಷಿಯಾಯಿತು. ಪೇಂಟಿನವನಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕೆಂಪು ಸಿಗುವುದಿಲ್ಲ ಎಂದುಕೊಂಡು, ಕತ್ತರಿ ತೆಗೆದುಕೊಂಡು ಸೆರಗಿನ ತುದಿಯ ದಶಿಯಿಂದ ಒಂದೇ ಒಂದು ಎಳೆ ಕತ್ತರಿಸಲು ಬಾಗಿದ. ಮಹೇಶ್ವರಿ ಸೀರೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಗಾಡಿಗೆ ಬ್ಯಾರೆ ನೋಡ್ರಿ," ಎಂದಳು. "ಇದು ನಂದು."